ಕರೆಂಟು, ಥಂಡಿ, ಧೂಳು: ಗೇಮಿಂಗ್ ಕಂಪ್ಯೂಟರಿನ ತಾಪತ್ರಯಗಳು

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪ್ರಶ್ನೆಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸಕಲೇಶಪುರ, ಕೊಪ್ಪದ ಕಡೆ ಥಂಡಿ, ಕಡೂರು, ಅರಸೀಕೆರೆ ಕಡೆ ಧೂಳು, ಎಲ್ಲ ಕಡೆಯೂ ಕರೆಂಟಿನ ಏರಿಳಿತ. ಬರೆದವರಲ್ಲಿ ಹಲವರು ಹೊಸ ಗ್ರಾಫಿಕ್ಸ್ ಕಾರ್ಡೋ ಹೊಸ ಬೋರ್ಡೋ ಕೊಳ್ಳಲು ದುಡ್ಡು ಹೊಂದಿಸುತ್ತಿದ್ದಾರೆ. ಸ್ವಲ್ಪ ತಡೆಯಿರಿ. ಮೊದಲು ಅಳತೆ ಮಾಡಿ, ಆಮೇಲೆ ಅಂಗಡಿಗೆ ಹೋಗೋಣ.

ಪ್ರ: ಎರಡು ವರ್ಷದ ಗೇಮಿಂಗ್ ಲ್ಯಾಪ್‌ಟಾಪ್. ಇಂಟೆಲ್ ಐ5, 12ನೇ ತಲೆಮಾರು, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್. ಆಟ ಶುರು ಮಾಡಿದಾಗ 110 ಎಫ್‌ಪಿಎಸ್ (ಪರದೆಗೆ ಸೆಕೆಂಡಿಗೆ ಬರುವ ಚಿತ್ರಗಳ ಲೆಕ್ಕ) ಬರುತ್ತೆ, ಕಾಲು ಗಂಟೆ ಕಳೆದರೆ 45ಕ್ಕೆ ಇಳಿಯುತ್ತೆ. ಫ್ಯಾನಿನ ಸದ್ದು ಪಕ್ಕದ ರೂಮಿಗೂ ಕೇಳುತ್ತೆ. ರಿಪೇರಿಯವರು ಗ್ರಾಫಿಕ್ಸ್ ಚಿಪ್ ಹೋಗಿದೆ, ಬೋರ್ಡ್ ಬದಲಿಸಬೇಕು ಅಂತಾರೆ. — ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉ: ಬೋರ್ಡ್ ಬದಲಿಸಲು ಒಪ್ಪಬೇಡಿ. ಚಿಪ್ ಕೆಟ್ಟಿದ್ದರೆ ಪರದೆಯ ಮೇಲೆ ಬಣ್ಣದ ಚೌಕಗಳು, ಗೆರೆಗಳು ಕಾಣಿಸುತ್ತಿದ್ದವು, ಇಲ್ಲವೇ ಆಟ ನಡುವೆಯೇ ಕುಸಿದು ಡೆಸ್ಕ್‌ಟಾಪಿಗೆ ಬರುತ್ತಿತ್ತು. ಮೊದಲು ಚೆನ್ನಾಗಿ ಓಡಿ ಆಮೇಲೆ ಸುಸ್ತಾಗುವುದು ಬಿಸಿಯ ಲಕ್ಷಣ. ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತಿದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು 'ಸೆನ್ಸಾರ್ಸ್' ಕಿಟಕಿ ತೆರೆದಿಟ್ಟು 20 ನಿಮಿಷ ಆಡಿ. ಆಮೇಲೆ 'ಮ್ಯಾಕ್ಸಿಮಮ್' ಅಂಕಣ ನೋಡಿ. ಇಂತಹ ಇಂಟೆಲ್ ಚಿಪ್ಪುಗಳ ಮಿತಿ ಸುಮಾರು 100 ಡಿಗ್ರಿ, ಎನ್‌ವಿಡಿಯಾದ ಲ್ಯಾಪ್‌ಟಾಪ್ ಚಿಪ್ಪುಗಳದ್ದು 87ರ ಆಸುಪಾಸು. 'ಥರ್ಮಲ್ ಥ್ರಾಟ್ಲಿಂಗ್' ಎಂಬ ಸಾಲಿನಲ್ಲಿ 'ಯೆಸ್' ಅಂತ ಬಂದಿದ್ದರೆ ಬೇರೆ ಪುರಾವೆ ಬೇಡ. ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಸಿಪಿಯು, ಗ್ರಾಫಿಕ್ಸ್ ಎರಡಕ್ಕೂ ಒಂದೇ ತಾಮ್ರದ ಕೊಳವೆ ಹಾದುಹೋಗಿರುತ್ತದೆ. ಒಂದು ಕುದಿದರೆ ಇನ್ನೊಂದೂ ಕುದಿಯುತ್ತದೆ.

ಈಗ ಬಿಚ್ಚುವ ಕೆಲಸ. ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ. ಇಲ್ಲದಿದ್ದರೆ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ನನ್ನು 10 ಸೆಕೆಂಡು ಒತ್ತಿ ಹಿಡಿಯಿರಿ. ತಳದ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಒಂದು ಕಾಗದದ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದೇ ಜಾಗಕ್ಕೆ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಮೇಲಿನ ಕೀಬೋರ್ಡ್ ತಟ್ಟೆಗೆ ಉಬ್ಬು ಬರುತ್ತದೆ. ಮುಚ್ಚಳ ತೆಗೆದ ತಕ್ಷಣ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು.

ಮೇಲಿನಿಂದ ನೋಡಿದರೆ ಫ್ಯಾನು ಚೊಕ್ಕಟವಾಗಿಯೇ ಕಾಣುತ್ತದೆ. ಕೊಳೆ ಇರುವುದು ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವಿನ ಸಂದಿಯಲ್ಲಿ, ಕಂಬಳಿಯ ಚೂರಿನ ಹಾಗೆ ದಪ್ಪಗೆ ಕಟ್ಟಿಕೊಂಡು. ಹೊರಗಿನಿಂದ ಗಾಳಿ ಊದಿದರೆ ಅದು ಹೋಗುವುದಿಲ್ಲ, ಮತ್ತೆ ಫ್ಯಾನಿನ ಕಡೆಗೇ ಸರಿಯುತ್ತದೆ. ಫ್ಯಾನಿನ ಮೂರು ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದರೆ ಆ ಪದರ ಇಡಿಯಾಗಿ ಚಿಮಟಕ್ಕೆ ಸಿಗುತ್ತದೆ. ಬ್ಲೋವರ್ ಬಳಸುವುದಾದರೆ ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಿನಿಂದ ಹಿಡಿದಿರಿ. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕಣದ ಪಕ್ಕದ ಮನೆಗಳಲ್ಲಿ ಸಿಪ್ಪೆಯ ಪುಡಿಯೂ ಸೇರಿಕೊಳ್ಳುತ್ತದೆ, ಅದಕ್ಕೆ ಒಗ್ಗರಣೆ ಹೊಗೆ ಬೆರೆತರೆ ಅಂಟು. ಆಗ ಹಳೆಯ ಟೂತ್‌ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಬೇಕಾಗುತ್ತದೆ.

ಎರಡು ವರ್ಷವಾಗಿದೆ ಅಂದಮೇಲೆ ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ, ಅಂದರೆ ಅದರ ಮೇಲೆ ಕೂತ ಲೋಹದ ತಟ್ಟೆಗೆ, ದಾಟಿಸುವ ಥರ್ಮಲ್ ಪೇಸ್ಟನ್ನೂ ಬದಲಿಸಿ. ಹೀಟ್‌ಸಿಂಕಿನ ಮೇಲೆ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಚ್ಚಾಗಿರುತ್ತದೆ. ಬಿಚ್ಚುವಾಗ 4ರಿಂದ 1ಕ್ಕೆ, ಬಿಗಿಯುವಾಗ 1ರಿಂದ 4ಕ್ಕೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ. ಹಳೆಯದನ್ನು 99 ಶೇಕಡಾ ಆಲ್ಕೋಹಾಲಿನಲ್ಲಿ ಒರೆಸಿ. ಡೆಸ್ಕ್‌ಟಾಪಿಗೆ ಬಟಾಣಿಯಷ್ಟು ಇಟ್ಟು ಒತ್ತಿದರೆ ಸಾಕು, ಆದರೆ ಲ್ಯಾಪ್‌ಟಾಪಿನ ಚಿಪ್ಪಿಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ. ಅದರ ಒಂದು ಮೂಲೆ ಒಣಗಿದ್ದರೂ ಅಲ್ಲಿ ಬಿಸಿ ನಿಲ್ಲುತ್ತದೆ. ಆದ್ದರಿಂದ ಇಡೀ ಚಿಪ್ಪಿನ ಮೇಲೆ ತೆಳುವಾಗಿ ಹರಡಿ. ಸುತ್ತಲಿನ ಮೆತ್ತನೆಯ ಥರ್ಮಲ್ ಪ್ಯಾಡುಗಳು ಹರಿದರೆ ಅಷ್ಟೇ ದಪ್ಪದ್ದನ್ನು ಹಾಕಬೇಕು. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಚಿಪ್ಪಿನಿಂದ ಮೇಲೆದ್ದು ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಇನ್ನೊಂದು ಮಾತು: ಪೇಸ್ಟಿನ ಬದಲು ಪಾದರಸದ ಹಾಗೆ ಹೊಳೆಯುವ ದ್ರವ ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ಲಿಕ್ವಿಡ್ ಮೆಟಲ್. ಒಂದು ಹನಿ ಬೋರ್ಡಿಗೆ ಬಿದ್ದರೂ ಶಾರ್ಟ್ ಆಗುತ್ತದೆ. ಅದನ್ನು ಅಭ್ಯಾಸ ಇರುವವರಿಗೇ ಬಿಡಿ.

ಮುಚ್ಚಿದ ಮೇಲೆ ಅದೇ ಆಟ, ಅದೇ 20 ನಿಮಿಷ, ಅದೇ ಅಂಕಣ. ಹತ್ತು ಡಿಗ್ರಿಯ ಆಸುಪಾಸು ಇಳಿದಿದ್ದರೆ ಕೆಲಸ ಸರಿಯಾಗಿದೆ. ಅದರ ಜತೆಗೆ ಎಫ್‌ಪಿಎಸ್‌ಗೆ 90ರ ಮಿತಿ ಹಾಕಿ. 110 ಮತ್ತು 45ರ ನಡುವೆ ಓಲಾಡುವುದಕ್ಕಿಂತ ಅಲುಗಾಡದ 90 ಆಟಕ್ಕೆ ಹಿತ. ಲ್ಯಾಪ್‌ಟಾಪಿನ ಹಿಂಭಾಗ ಎರಡು ಮೂರು ಸೆಂಟಿಮೀಟರ್ ಎತ್ತಿಡಿ, ಹಾಸಿಗೆಯ ಮೇಲಂತೂ ಇಡಲೇಬೇಡಿ.

ಬಿಸಿ ಇನ್ನೂ ಇಳಿಸಬೇಕೆಂದರೆ ಗ್ರಾಫಿಕ್ಸಿನ ವೋಲ್ಟೇಜ್ ತಗ್ಗಿಸಬಹುದು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ರೇಖೆಯೊಂದು ತೆರೆಯುತ್ತದೆ. 850 ಮಿಲಿವೋಲ್ಟಿನ ಚುಕ್ಕಿಯನ್ನು, ಈಗ ಆಟದಲ್ಲಿ ಬರುತ್ತಿರುವ ವೇಗದಷ್ಟಕ್ಕೆ ಎತ್ತಿ, ಅದರ ಬಲಗಡೆಯ ರೇಖೆಯನ್ನು ಸಮತಟ್ಟು ಮಾಡಿ. ಅರ್ಧ ಗಂಟೆ ಆಡಿದಾಗ ಆಟ ಕುಸಿದರೆ 25 ಮಿಲಿವೋಲ್ಟ್ ಮೇಲಕ್ಕೆ ಹೋಗಿ. ಸಿಪಿಯುವಿನ ವೋಲ್ಟೇಜ್ ಇಳಿಸುವ ದಾರಿಯನ್ನು ಮಾತ್ರ 2019ರಲ್ಲಿ ಬಯಲಾದ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪದ ನಂತರ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಿಬಿಟ್ಟಿದ್ದಾರೆ. ಹಳೆಯ ವಿಡಿಯೊ ನೋಡಿ ಅದಕ್ಕಾಗಿ ಒದ್ದಾಡಬೇಡಿ.

ಪ್ರ: ತೋಟದ ಮನೆಯಲ್ಲಿ ಇನ್ವರ್ಟರ್ ಇದೆ. ಕರೆಂಟು ಹೋದಾಗ ಬಲ್ಬು ಮಿಣುಕುವುದೂ ಇಲ್ಲ, ಟಿವಿಯೂ ಆರುವುದಿಲ್ಲ. ಗೇಮಿಂಗ್ ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತೆ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಡಬ್ಬ) ಕೆಟ್ಟಿದೆಯಾ? — ಓದುಗರು, ಸಕಲೇಶಪುರ

ಉ: ಇನ್ವರ್ಟರಿನ ಹಿಂಭಾಗದಲ್ಲೋ ಮುಂಭಾಗದಲ್ಲೋ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಒಂದು ಕಡೆ 'ಯುಪಿಎಸ್', ಇನ್ನೊಂದು ಕಡೆ 'ಇಕೊ' ಅಥವಾ 'ನಾರ್ಮಲ್'. ಮೊದಲು ಅದನ್ನು ನೋಡಿ. ಯುಪಿಎಸ್ ಕಡೆ ಇದ್ದರೆ ಬ್ಯಾಟರಿಗೆ ಬದಲಾಗಲು ಹತ್ತು ಮಿಲಿಸೆಕೆಂಡಿನ ಆಸುಪಾಸು ಸಾಕು, ಇನ್ನೊಂದು ಕಡೆ ಇದ್ದರೆ 40ರವರೆಗೂ ಹೋಗಬಹುದು. ನಿಮ್ಮ ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್, ಪೂರ್ತಿ ಹೊರೆ ಇದ್ದಾಗ ಸುಮಾರು 16 ಮಿಲಿಸೆಕೆಂಡಿನಷ್ಟು ಹೊತ್ತು ಕಂಪ್ಯೂಟರನ್ನು ಹಿಡಿದಿಡಬಲ್ಲದು, ಅಷ್ಟೇ. ಹೊರೆ ಕಮ್ಮಿ ಇದ್ದರೆ ಇನ್ನಷ್ಟು ಹೊತ್ತು. ಪರೀಕ್ಷೆ ಬೇಕಿದ್ದರೆ ಆಟ ಮುಚ್ಚಿ, ಬರೀ ಬ್ರೌಸರ್ ತೆರೆದಿಟ್ಟು, ಮೈನ್ ಸ್ವಿಚ್ ಆರಿಸಿ ನೋಡಿ. ಆಗ ತಡೆದುಕೊಂಡು, ಆಟದ ನಡುವೆ ಮಾತ್ರ ಆರಿದರೆ ಎಸ್‌ಎಂಪಿಎಸ್ ಸರಿಯಾಗಿಯೇ ಇದೆ. ತಡವಾಗುತ್ತಿರುವುದು ಇನ್ವರ್ಟರಿನಿಂದ.

ಸ್ವಿಚ್ ತಿರುಗಿಸಿ ಸುಮ್ಮನಾಗುವ ಹಾಗಿಲ್ಲ. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಸಾಮಾನ್ಯವಾಗಿ 180ರಿಂದ 260 ವೋಲ್ಟಿನ ಕರೆಂಟನ್ನು ಮಾತ್ರ ಒಪ್ಪಿಕೊಳ್ಳುತ್ತದೆ, ಇಕೊ ಮೋಡಿನಲ್ಲಿ 100ರಿಂದ 290. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ಮೋಟಾರು ಓಡುವ ಹೊತ್ತಿಗೆ ವೋಲ್ಟೇಜ್ 180ಕ್ಕಿಂತ ಕೆಳಗಿಳಿದರೆ, ಕರೆಂಟು ಇದ್ದರೂ ಇನ್ವರ್ಟರ್ ಬ್ಯಾಟರಿಯ ಮೇಲೇ ಓಡುತ್ತದೆ. ರಾತ್ರಿ ನಿಜವಾಗಿ ಕರೆಂಟು ಹೋದಾಗ ಬ್ಯಾಟರಿ ಖಾಲಿ. ಆದ್ದರಿಂದ ಸಂಜೆ ಏಳರಿಂದ ಒಂಬತ್ತರ ನಡುವೆ ಮಲ್ಟಿಮೀಟರಿನಲ್ಲಿ ಮೂರು ನಾಲ್ಕು ದಿನ ಅಳೆದು ಬರೆದಿಡಿ. 180ಕ್ಕಿಂತ ಮೇಲಿದ್ದರೆ ಯುಪಿಎಸ್ ಮೋಡ್ ಸಾಕು. ಕೆಳಗಿದ್ದರೆ ಇನ್ವರ್ಟರ್ ಇಕೊದಲ್ಲೇ ಇರಲಿ, ಪಿಸಿಗೆ ಬೇರೆ ಯುಪಿಎಸ್ ಕೊಡಿ.

ಅದನ್ನು ಕೊಳ್ಳುವಾಗ ಡಬ್ಬದ ಮೇಲಿನ ವಿಎ ನೋಡಿ ಮೋಸ ಹೋಗಬೇಡಿ. ಕಡಿಮೆ ಬೆಲೆಯ ಯುಪಿಎಸ್‌ಗಳಲ್ಲಿ 600 ವಿಎ ಎಂದರೆ 360 ವಾಟ್, 1000 ವಿಎ ಎಂದರೆ 600 ವಾಟ್. 65 ವಾಟಿನ ಸಿಪಿಯು, 170 ವಾಟಿನ ಆರ್‌ಟಿಎಕ್ಸ್ 3060, ಮಾನಿಟರ್ ಎಲ್ಲ ಸೇರಿ ಆಟದ ಹೊತ್ತಿಗೆ 300 ವಾಟಿನ ಆಸುಪಾಸು ಎಳೆಯುತ್ತವೆ. 600 ವಿಎ ಕಾಗದದ ಮೇಲೆ ಸಾಕಾದರೂ ಒಂದು ಕ್ಷಣ ಕಾರ್ಡು ಜಾಸ್ತಿ ಎಳೆದರೆ ಕೀಂಯ್ ಎಂದು ಆರುತ್ತದೆ. 1000 ವಿಎ ತೆಗೆದುಕೊಳ್ಳಿ. ಅದರಲ್ಲಿ 12 ವೋಲ್ಟ್, 7 ಆಂಪಿಯರ್-ಅವರಿನ ಎರಡು ಬ್ಯಾಟರಿ ಇದ್ದರೆ ಹತ್ತು ನಿಮಿಷದ ಆಸುಪಾಸು ಸಿಗುತ್ತದೆ. ಆಟ ಸೇವ್ ಮಾಡಿ ಮುಚ್ಚಲು ಅಷ್ಟು ಸಾಕು, ಪಂದ್ಯ ಮುಗಿಸಲು ಅಲ್ಲ.

ಪ್ರ: ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತೆ. ಚಪ್ಪಲಿ ಹಾಕಿದ್ದರೆ ಏನೂ ಇಲ್ಲ. ಎಸ್‌ಎಂಪಿಎಸ್ ಬದಲಿಸಿದೆ, ಆದರೂ ಹಾಗೇ. — ಓದುಗರು, ಚಿಕ್ಕಮಗಳೂರು

ಉ: ಎಸ್‌ಎಂಪಿಎಸ್ ತಪ್ಪಿಲ್ಲ, ನಿಮ್ಮ ಸಾಕೆಟ್ಟಿಗೆ ಅರ್ತಿಂಗ್ ಇಲ್ಲ. ದಯವಿಟ್ಟು ಇದನ್ನು ಮುಂದೂಡಬೇಡಿ.

ಪ್ರತಿ ಎಸ್‌ಎಂಪಿಎಸ್‌ನಲ್ಲೂ ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು ಚಿಕ್ಕ ಕೆಪಾಸಿಟರ್ ಲೋಹದ ಮೈಗೆ ಕೂಡಿರುತ್ತದೆ. ಗದ್ದಲದ ಕರೆಂಟನ್ನು ಅರ್ತಿಗೆ ಕಳಿಸಲು ಅದನ್ನು ಬೇಕೆಂದೇ ಇಟ್ಟಿರುತ್ತಾರೆ. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ ಇವೆರಡರ ನಡುವೆ, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟು ತೀರಾ ಸಣ್ಣದು, ಅದಕ್ಕೇ ಬರೀ ಜುಮ್ ಅನ್ನುತ್ತದೆ. ಆದರೆ ನಾಳೆ ಒಳಗಿನ ತಂತಿಯೇ ಮೈಗೆ ತಗುಲಿದರೆ ಕಾಪಾಡುವವರು ಯಾರೂ ಇಲ್ಲ. ಟಿವಿಗೆ ಎಚ್‌ಡಿಎಂಐ ಚುಚ್ಚುವಾಗ ಪೋರ್ಟ್ ಸುಡುವುದಕ್ಕೂ ಇದೇ ಕಾರಣವಾಗಬಹುದು.

ಮಲ್ಟಿಮೀಟರನ್ನು ಎಸಿ 750ಕ್ಕೆ ತಿರುಗಿಸಿ ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಯಿರಿ, ಇಲ್ಲವೇ ಎಲೆಕ್ಟ್ರಿಷಿಯನ್ ಹತ್ತಿರ ತೆಗೆಸಿ. ಫೇಸ್–ನ್ಯೂಟ್ರಲ್ 230ರ ಆಸುಪಾಸು, ಫೇಸ್–ಅರ್ತ್ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟಿನ ಒಳಗೆ. ಎರಡನೆಯದು 90, 120 ಎಂದು ಓಲಾಡುತ್ತಿದ್ದರೆ ಅರ್ತ್ ಕಡಿದಿದೆ ಅಥವಾ ಅರ್ತ್ ಗುಂಡಿ ಒಣಗಿದೆ. ನಮ್ಮ ಗುಡ್ಡದ ಜಂಬಿಟ್ಟಿಗೆ ನೆಲ ನೀರು ಹಿಡಿದಿಡುವುದಿಲ್ಲ. ಮಳೆಗಾಲದಲ್ಲಿ ಸರಿಯಿದ್ದ ಅರ್ತ್ ಮಾರ್ಚಿಗೆ ಸತ್ತಿರುತ್ತದೆ. ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಕೊಡ ನೀರು ಹಾಕಿ. ಹೊಸದಾಗಿ ಮಾಡಿಸುವುದಾದರೆ ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ. ಮನೆಯ ಬೋರ್ಡಿಗೆ, ಕರೆಂಟು ಸೋರಿದ ತಕ್ಷಣ ಲೈನ್ ಆರಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯೂ ಇರಲಿ.

ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿಗೂ ಅರ್ತಿಗೂ ಒಂದು ತುಂಡು ತಂತಿ ಹಾಕಿ 'ಸರಿ ಮಾಡಿದೆ' ಅನ್ನುವವರಿದ್ದಾರೆ. ಜುಮ್ ನಿಲ್ಲುತ್ತದೆ, ನಿಜ. ಆದರೆ ಹಿಂದೆ ಎಲ್ಲೋ ನ್ಯೂಟ್ರಲ್ ಕಡಿದ ದಿನ ಕ್ಯಾಬಿನೆಟ್ಟಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಹಾಗೆ ಮಾಡಿದ್ದರೆ ಇವತ್ತೇ ತೆಗೆಸಿ.

ಏಪ್ರಿಲ್–ಮೇ ತಿಂಗಳ ಗುಡುಗು-ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ನಂಬಿ ಕೂರಬೇಡಿ. ಅರ್ತ್ ಇಲ್ಲದ ಮನೆಯಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಪ್ಲಗ್ಗಿನ ಜತೆಗೆ ಲ್ಯಾನ್ ವೈರನ್ನೂ ಕೀಳಿ. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು, ಆದರೆ ರೌಟರಿನ ಅಡಾಪ್ಟರಿನಿಂದ ಒಳಗೆ ಬಂದು ಲ್ಯಾನ್ ವೈರಿನ ಮೂಲಕ ಮದರ್‌ಬೋರ್ಡಿಗೆ ಹೋಗುತ್ತದೆ.

ಪ್ರ: ಹೊಸ ಪಿಸಿ, ಆರ್‌ಟಿಎಕ್ಸ್ 4060, 144 ಹರ್ಟ್ಸ್ ಮಾನಿಟರ್. ಆದರೂ 20–25 ಎಫ್‌ಪಿಎಸ್. — ಓದುಗರು, ಅರಸೀಕೆರೆ

ಉ: ಪಿಸಿಯ ಹಿಂಭಾಗ ನೋಡಿ. ಮಾನಿಟರಿನ ವೈರು ಮೇಲಿನ ಕಡೆ, ಯುಎಸ್‌ಬಿಗಳ ಸಾಲಿನಲ್ಲಿ ಇದ್ದರೆ ಅದು ಮದರ್‌ಬೋರ್ಡಿನದು, ಆಟಕ್ಕೆ ನಿಮ್ಮ ಹೊಸ ಕಾರ್ಡು ಬಳಕೆಯಾಗುತ್ತಿಲ್ಲ. ಕೆಳಗೆ ಅಡ್ಡವಾಗಿ ಕೂತಿರುವ ಕಾರ್ಡಿನ ಪೋರ್ಟಿಗೆ ಬದಲಿಸಿ, ಸಾಧ್ಯವಾದರೆ ಡಿಸ್‌ಪ್ಲೇಪೋರ್ಟ್ ವೈರಿನಲ್ಲಿ. ಆಮೇಲೆ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ 'ಅಡ್ವಾನ್ಸ್ಡ್ ಡಿಸ್‌ಪ್ಲೇ'ಗೆ ಹೋಗಿ 60 ಹರ್ಟ್ಸ್ ಇರುವುದನ್ನು 144 ಮಾಡಿ. ಅದು ತಾನಾಗಿ ಬದಲಾಗುವುದಿಲ್ಲ.

ಪ್ರ: ಮಗ ಬೆಂಗಳೂರಿಗೆ ಓದಲು ಹೋದ ಮೇಲೆ ಪಿಸಿಯನ್ನು ಜೂನ್‌ನಿಂದ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಟ್ಟಿದ್ದೆವು. ದಸರಾ ರಜೆಗೆ ಬಂದು ಹಾಕಿದರೆ ಫ್ಯಾನು ತಿರುಗುತ್ತೆ, ಪರದೆ ಕಪ್ಪು. — ಓದುಗರು, ಕೊಪ್ಪ

ಉ: ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ ಅಮ್ಮ. ಒಳಗೆ ತೇವ ಇದ್ದರೆ ಕರೆಂಟು ಹರಿದಷ್ಟೂ ಹಾನಿ ಹೆಚ್ಚು. ಪ್ಲಗ್ ತೆಗೆದು, ಪಕ್ಕದ ಬಾಗಿಲು ಬಿಚ್ಚಿ, ಒಂದು ದಿನ ಟೇಬಲ್ ಫ್ಯಾನಿನ ಗಾಳಿಗೆ ಇಡಿ. ಒಲೆಯ ಹತ್ತಿರವೂ ಬೇಡ, ಬಿಸಿಲೂ ಬೇಡ. ಇರುವೆ ಗೂಡು, ಸತ್ತ ಹಲ್ಲಿ ಇದೆಯಾ ನೋಡಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಮಲೆನಾಡಿನಲ್ಲಿ ಮಳೆಗಾಲ ಕಳೆದ ಮೇಲೆ ಪರದೆ ಬಾರದಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಎರಡು ತುದಿಯ ಕೊಂಡಿ ಒತ್ತಿ ರ‍್ಯಾಮ್ ಕಡ್ಡಿಯನ್ನು ಹೊರತೆಗೆಯಿರಿ. ಬಂಗಾರದ ಬಣ್ಣದ ಹಲ್ಲುಗಳು ಮಂಕಾಗಿ, ಕೆಲವೊಮ್ಮೆ ಸಣ್ಣ ಕಂದು ಚುಕ್ಕೆಗಳಾಗಿ ಕಾಣುತ್ತವೆ. ಮಕ್ಕಳ ಬಿಳಿ ರಬ್ಬರಿನಿಂದ ಎರಡೂ ಕಡೆ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಒಂದೇ ಕಡ್ಡಿಯನ್ನು ಸಿಪಿಯುವಿನಿಂದ ಎರಡನೆಯ ಸ್ಲಾಟಿಗೆ, ಕಟ್ ಎಂದು ಸದ್ದು ಬರುವವರೆಗೆ ಒತ್ತಿ. ಬರದಿದ್ದರೆ ಇನ್ನೊಂದು ಕಡ್ಡಿ, ಇನ್ನೊಂದು ಸ್ಲಾಟ್.

ಬೋರ್ಡಿನ ನಾಣ್ಯದಂತಹ ಸಿಆರ್2032 ಬ್ಯಾಟರಿಯನ್ನೂ ಅಳೆಯಿರಿ. ಹೊಸದು 3 ವೋಲ್ಟ್, 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಡಿಡಿಆರ್5 ಬಗೆಯ ರ‍್ಯಾಮ್ ಇರುವ ಪಿಸಿಯಾಗಿದ್ದರೆ ಈ ಬ್ಯಾಟರಿ ತೆಗೆದು ಹಾಕಿದ ಮೇಲೆ ಮೊದಲ ಸಲ ಪರದೆ ಬರಲು ಕೆಲವು ನಿಮಿಷ ಹಿಡಿಯಬಹುದು. ಕೆಟ್ಟಿದೆ ಎಂದುಕೊಂಡು ನಡುವೆ ಆರಿಸಬೇಡಿ. ಬಂದ ಮೇಲೆ ಬಯೋಸಿನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಮತ್ತೆ ಆನ್ ಮಾಡಿ. ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ.

ಮುಂದಿನ ಮಳೆಗಾಲಕ್ಕೆ ಪ್ಲಾಸ್ಟಿಕ್ ಬೇಡ, ತೇವ ಒಳಗೇ ಉಳಿಯುತ್ತದೆ. ಹತ್ತಿಯ ಬಟ್ಟೆ ಹೊದಿಸಿ, ರೆಡ್ ಆಕ್ಸೈಡ್ ನೆಲ ಬೆವರುವುದರಿಂದ ಮೇಜಿನ ಮೇಲಿಡಿ, ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ. ಒಳಗಿನ ಬಿಸಿಗೆ ತೇವ ಆರುತ್ತದೆ.

ಪ್ರ: ಗ್ರಾಫಿಕ್ಸ್ ಕಾರ್ಡ್ ಇಲ್ಲದ ರೈಜೆನ್ ಲ್ಯಾಪ್‌ಟಾಪ್, 8 ಜಿಬಿ. ಜಿಟಿಎ 5 ತಡವರಿಸುತ್ತೆ. ಏನು ಬದಲಿಸಬಹುದು? — ಓದುಗರು, ಚನ್ನರಾಯಪಟ್ಟಣ

ಉ: ರ‍್ಯಾಮ್. ಟಾಸ್ಕ್ ಮ್ಯಾನೇಜರಿನ 'ಪರ್ಫಾರ್ಮೆನ್ಸ್', 'ಮೆಮೊರಿ'ಯಲ್ಲಿ ಎರಡು ಸ್ಲಾಟಿನಲ್ಲಿ ಒಂದು ಖಾಲಿ ಎಂದಿದ್ದರೆ ಅದೃಷ್ಟ. ನಿಮ್ಮ ಲ್ಯಾಪ್‌ಟಾಪಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಈ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಡಿಡಿಆರ್4 3200 ಒಂದು ಕಡ್ಡಿಯಿದ್ದರೆ ಸೆಕೆಂಡಿಗೆ 25.6 ಜಿಬಿ, ಎರಡಿದ್ದರೆ 51.2 ಜಿಬಿ. ಗ್ರಾಫಿಕ್ಸಿಗೆ ಉಸಿರು ಬರುವುದೇ ಇಲ್ಲಿ. ಈಗಿರುವ ವೇಗದ್ದೇ ಇನ್ನೊಂದು 8 ಜಿಬಿ ಹಾಕಿ.

ಪ್ರ: ವ್ಯಾಲೊರಂಟ್ ಆಡುವಾಗ ಹಗಲು 35 ಪಿಂಗ್ (ಸರ್ವರಿಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು), ಸಂಜೆ 200ಕ್ಕೆ ಹಾರುತ್ತೆ. ಪಿಂಗ್ ಇಳಿಸುವ ತಂತ್ರಾಂಶ ಕೊಳ್ಳಲಾ? — ಓದುಗರು, ಬೇಲೂರು

ಉ: ಬೇಡ. ಬೆಳಕು ಫೈಬರಿನಲ್ಲಿ ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಮಾತ್ರ ಹೋಗುತ್ತದೆ. ಮುಂಬೈ ಸರ್ವರಿಗೆ 35 ಒಳ್ಳೆಯ ಅಂಕಿಯೇ. ಸಂಜೆ ಹಾರುವುದು ಮನೆಯೊಳಗಿನ ಕಾರಣಕ್ಕೋ ಹೊರಗಿನದಕ್ಕೋ ನೋಡೋಣ. ಕಮಾಂಡ್ ಪ್ರಾಂಪ್ಟಿನಲ್ಲಿ ಮೊದಲು ರೌಟರಿಗೆ, ಹೆಚ್ಚಾಗಿ 192.168.1.1, ಸತತವಾಗಿ ಪಿಂಗ್ ಕೊಡಿ. ಅದೇ 20, 50 ಎಂದು ಹಾರುತ್ತಿದ್ದರೆ ದೋಷ ವೈಫೈಯದು. ಮಣ್ಣಿನ ದಪ್ಪ ಗೋಡೆಗಳನ್ನು 5 ಗಿಗಾಹರ್ಟ್ಸ್ ದಾಟುವುದು ಕಷ್ಟ. ಕ್ಯಾಟ್6 ಲ್ಯಾನ್ ವೈರು ಎಳೆಯಿರಿ, ನೂರು ಮೀಟರಿನವರೆಗೆ ತೊಂದರೆಯಿಲ್ಲ. ರೌಟರಿಗೆ 1–2 ಇದ್ದು, ಗೂಗಲ್ಲಿನ ಸರ್ವರ್ ಆದ 8.8.8.8ಕ್ಕೆ ಮಾತ್ರ ಹಾರುತ್ತಿದ್ದರೆ, ಮನೆಯವರೆಲ್ಲ ಫೋನಿನ ವೈಫೈ ಆರಿಸಿ ಮತ್ತೆ ನೋಡಿ. ಆಗ ಇಳಿದರೆ ರೌಟರಿನಲ್ಲಿ ಸರದಿ ಕಟ್ಟುತ್ತಿದೆ. ಯಾರದೋ ಫೋಟೊಗಳು ಅಪ್‌ಲೋಡ್ ಆಗುವಾಗ ನಿಮ್ಮ ಆಟದ ಪ್ಯಾಕೆಟ್ ಹಿಂದೆ ಕಾಯುತ್ತದೆ. ರೌಟರಿನ ಕ್ಯೂಒಎಸ್ (ವೇಗ ಹಂಚುವ ಸೆಟ್ಟಿಂಗ್) ಒಳಗೆ ಅಪ್‌ಲೋಡ್, ಡೌನ್‌ಲೋಡ್ ಎರಡನ್ನೂ ಲೈನಿನ ವೇಗದ 90 ಶೇಕಡಾಕ್ಕೆ ಮಿತಿಗೊಳಿಸಿ. ಎಲ್ಲ ಆರಿಸಿದ ಮೇಲೂ 200 ಇದ್ದರೆ ಮಾತ್ರ ಈ ಅಳತೆಗಳ ಫೋಟೊ ತೆಗೆದು ಲೈನಿನವರಿಗೆ ದೂರು ಕೊಡಿ.

ಪ್ರ: ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆದ್ದಿದೆ, ಒತ್ತಿದರೆ ಕ್ಲಿಕ್ ಆಗಲ್ಲ. ಗಮ್ ಹಾಕಿ ಕೂರಿಸಬಹುದಾ? — ಓದುಗರು, ಕಡೂರು

ಉ: ಒತ್ತಲೇಬೇಡಿ. ಅದರ ಕೆಳಗಿನ ಬ್ಯಾಟರಿ ಉಬ್ಬಿದೆ. ಚಾರ್ಜರ್ ತೆಗೆದು, ಆರಿಸಿ, ಹಾಸಿಗೆ-ಪರದೆಗಳಿಂದ ದೂರ ಕಲ್ಲಿನ ಇಲ್ಲವೇ ಸಿಮೆಂಟಿನ ನೆಲದ ಮೇಲಿಟ್ಟು, ಹಾಗೆಯೇ ಸರ್ವಿಸಿಗೆ ಒಯ್ಯಿರಿ. ಚುಚ್ಚಿ ಗಾಳಿ ತೆಗೆಯುತ್ತೇನೆ ಅನ್ನುವವರ ಕೈಗೆ ಕೊಡಬೇಡಿ, ಬೆಂಕಿ ಹತ್ತುತ್ತದೆ. ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಹೊಸದು ಹಾಕಿಸಿದ ಮೇಲೆ, ಸದಾ ಚಾರ್ಜರಿಗೆ ಸಿಕ್ಕಿಸಿಯೇ ಆಡುವವರಾದರೆ ತಯಾರಕರ ಆ್ಯಪ್‌ನಲ್ಲಿ ಚಾರ್ಜಿಂಗ್ ಮಿತಿಯನ್ನು 80 ಶೇಕಡಾಕ್ಕೆ ಇಡಿ.